ನೆರಳಿನ ಹಿತ್ಲು, ಚಿರೇಕಲ್ಲಿನ ನೆಲ: ಕಾರವಾರ–ಅಂಕೋಲಾದಲ್ಲಿ ತರಕಾರಿ ಯಾಕೆ ಏಳೋದಿಲ್ಲ?

ಕಾರವಾರ/ಅಂಕೋಲಾ: ಘಟ್ಟದ ದಾರಿ ಬಂದ್ ಆದರೆ ಕರಾವಳಿಯ ತರಕಾರಿ ಬುಟ್ಟಿ ಏನಾಗುತ್ತದೆ ಅನ್ನೋದನ್ನು ಇಲ್ಲಿಯವರಿಗೆ ಹೇಳಬೇಕಿಲ್ಲ. 2021ರ ಜುಲೈನಲ್ಲಿ ಅರಬೈಲ್ ಘಾಟಿನಲ್ಲಿ ಮಣ್ಣು ಕುಸಿದು ಸಂಚಾರ ನಿಂತಿತ್ತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿ ಮೇಲೆ ಬಂತು. ಟೊಮೆಟೊ, ಬೀನ್ಸ್, ಹೂಕೋಸು ಎಲ್ಲ ಬರೋದು ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ. ಹಾಗಾಗಿ ಪ್ರತಿ ಮಳೆಗಾಲದಲ್ಲೂ ಒಂದೇ ಮಾತು: "ಈ ಸಲ ಹಿತ್ಲಲ್ಲೇ ನಾಲ್ಕು ಗಿಡ ಹಾಕ್ಬೇಕು."

ಹಾಕ್ತಾರೆ ಕೂಡ. ಬದನೆ, ಬೆಂಡೆ, ಮೆಣಸು ನೆಟ್ಟು ತಿಂಗಳಾಗುವಷ್ಟರಲ್ಲಿ ಗಿಡ ಸಣ್ಣ ಬೆತ್ತದ ಹಾಗೆ ಉದ್ದುದ್ದ ಬೆಳೆದು ಬಾಗುತ್ತದೆ, ಎಲೆ ಹಳದಿ, ಹೂವು ಬಂದರೂ ಉದುರುತ್ತದೆ. ತಪ್ಪು ಬೀಜದ ಅಂಗಡಿಯವನ ತಲೆಗೆ ಕಟ್ಟಿ ಮುಂದಿನ ವರ್ಷ ಇನ್ನೊಂದು ಕಂಪನಿಯ ಪ್ಯಾಕೆಟ್ ತರ್ತಾರೆ. ಬೀಜದ ತಪ್ಪು ಇರಬಹುದು, ಆದರೆ ಹತ್ತರಲ್ಲಿ ಎಂಟು ಹಿತ್ಲಲ್ಲಿ ತಪ್ಪು ಮೇಲಿನದ್ದು ಮತ್ತು ಕೆಳಗಿನದ್ದು. ಮೇಲೆ ತೆಂಗು, ಮಾವು, ಹಲಸಿನ ನೆರಳು. ಕೆಳಗೆ ಚಿರೇಕಲ್ಲು, ಇಲ್ಲವೇ ಮರಳು, ಇಲ್ಲವೇ ಉಪ್ಪು.

ಮೂರು ಕಿಲೋಮೀಟರಿಗೆ ಮೂರು ಮಣ್ಣು

ಕಾರವಾರ, ಅಂಕೋಲಾದ ವಿಶೇಷ ಏನೆಂದರೆ ಗುಡ್ಡ ಸಮುದ್ರದ ತೀರಾ ಹತ್ತಿರಕ್ಕೆ ಬಂದಿದೆ. ಹಾಗಾಗಿ ಕಡಲಿನಿಂದ ಗುಡ್ಡದ ಕಡೆಗೆ ನಡೆದರೆ ಸ್ವಲ್ಪ ದೂರದಲ್ಲೇ ಮಣ್ಣು ಪೂರ್ತಿ ಬದಲಾಗುತ್ತದೆ. ಮಾಜಾಳಿ, ಕೋಡಿಬಾಗ, ಹಾರವಾಡ, ಬೇಲೆಕೇರಿ ದಡದ ಮನೆಗಳಲ್ಲಿ ಮರಳು. ಕಾಳಿ, ಗಂಗಾವಳಿ ನದಿಗಳ ಬಾಯಿಯ ಆಸುಪಾಸು, ಭರತದ ನೀರು ಒಳಗೆ ನುಗ್ಗುವ ಕಡೆ ಕಪ್ಪು ಜೇಡಿ, ಅದರಲ್ಲಿ ಉಪ್ಪು. ಅಲ್ಲಿಂದ ಮೇಲೆ ಗುಡ್ಡದ ಬುಡದಲ್ಲಿ ಕೆಂಪು ಚಿರೇಕಲ್ಲಿನ ನೆಲ. ಯೂಟ್ಯೂಬಿನಲ್ಲಿ ಬಯಲುಸೀಮೆಯ ಯಾರೋ ಹೇಳಿಕೊಟ್ಟ ಗೊಬ್ಬರದ ಲೆಕ್ಕ ಇಲ್ಲಿ ಕೈಕೊಡುವುದು ಇದಕ್ಕೇ. ಕೋಡಿಬಾಗದ ಹಿತ್ಲಿಗೆ ಒಪ್ಪುವ ಉಪಾಯ ಗುಡ್ಡದ ಬುಡದ ಮನೆಗೆ ಒಪ್ಪೋದಿಲ್ಲ ಅಂದ ಮೇಲೆ ಧಾರವಾಡದ ಉಪಾಯ ಎಲ್ಲಿಂದ ಒಪ್ಪಬೇಕು?

ಇವೆಲ್ಲದರ ಮೇಲೆ ಮಳೆ. ವರ್ಷಕ್ಕೆ ಸುಮಾರು 3,000 ಮಿ.ಮೀ., ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ನೀರು ನಾಲ್ಕು ತಿಂಗಳಲ್ಲಿ ಹರಿದುಹೋದರೆ ಮಣ್ಣಿನಲ್ಲಿ ಕರಗುವಂಥದ್ದು ಏನೆಲ್ಲ ಇದೆಯೋ ಅದು ನಿಲ್ಲೋದಿಲ್ಲ. ಸುಣ್ಣದಂಶ, ಪೊಟ್ಯಾಷ್, ಸಾರಜನಕ ತೊಳೆದು ಹೋಗುತ್ತವೆ. ಕರಗದೆ ಉಳಿಯೋದು ಕಬ್ಬಿಣ ಮತ್ತು ಅಲ್ಯುಮಿನಿಯಂ. ನೆಲ ಕೆಂಪಾಗಿರುವುದು ಆ ಕಬ್ಬಿಣದಿಂದಲೇ.

ಚಿರೇಕಲ್ಲು: ಗೋಡೆಗೆ ಒಳ್ಳೇದು, ಬೇರಿಗೆ ಅಲ್ಲ

ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಪತನದ ನಂತರ 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಆತ, ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವ ಈ ಕಲ್ಲಿನ ಬಗ್ಗೆ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಬರೆದ. ಲ್ಯಾಟಿನ್‌ನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ನಮ್ಮ ಕಲ್ಲು ಕಡಿಯುವವರಿಗೆ ಇದು ಹೊಸ ವಿಷಯವಲ್ಲ. ಆದರೆ ಹಿತ್ಲು ಮಾಡುವವರು ಈ ಗುಣವನ್ನು ಮರೀತಾರೆ. ಗೋಡೆಗೆ ಬೇಕಾದ ಇದೇ ಗುಣ ಗಿಡಕ್ಕೆ ಶತ್ರು. ಮೇಲ್ಮಣ್ಣು ಕೆರೆದು ನೆಲ ಬಿಸಿಲಿಗೆ ಬಿಟ್ಟರೆ ಏಪ್ರಿಲ್, ಮೇ ಹೊತ್ತಿಗೆ ಅದು ಹಾರೆಗೂ ಜಗ್ಗದಷ್ಟು ಬಿರುಸಾಗುತ್ತದೆ.

ಈಗಿನ ಮನೆಗಳಲ್ಲಿ ಆಗ್ತಿರೋದು ಇದೇ. ಗುಡ್ಡದ ಓರೆಯನ್ನು ಜೆಸಿಬಿಯಲ್ಲಿ ಕೊರೆದು ಸೈಟ್ ಮಟ್ಟ ಮಾಡುತ್ತಾರೆ. ನೂರಾರು ವರ್ಷ ದರಕು ಬಿದ್ದು ಕೊಳೆತು ಆದ ಗೇಣುದ್ದದ ಕರಿಮಣ್ಣು ಕೆಳಗಿನ ಭರ್ತಿಗೆ ಹೋಗುತ್ತದೆ. ಒಳಗಿನ ಕೆಂಪು ಮುರಮಣ್ಣು ಮೇಲೆ ಬರುತ್ತದೆ. ಮನೆ ಕಟ್ಟುವ ಮುಂಚೆ ಆ ಮೇಲ್ಮಣ್ಣನ್ನು ಒಂದು ಮೂಲೆಗೆ ರಾಶಿ ಹಾಕಿಸಿ ಕೊನೆಗೆ ವಾಪಸ್ ಹರಡಿಸಿದರೆ ಜೆಸಿಬಿಯ ಬಿಲ್ಲು ಒಂದೆರಡು ತಾಸಿನಷ್ಟು ಹೆಚ್ಚಾದೀತು. ಹಿತ್ಲಿನ ಮಟ್ಟಿಗೆ ಅದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ. ಮನೆ ಒಕ್ಕಲಾದ ಮೇಲೆ ಅದೇ ಮಣ್ಣಿಗೆ ಟ್ರ್ಯಾಕ್ಟರ್ ಲೆಕ್ಕದಲ್ಲಿ ದುಡ್ಡು ಕೊಡುವವರೇ ಜಾಸ್ತಿ.

ಇಂಥ ನೆಲದ ಮುಖ್ಯ ತೊಂದರೆ ಹುಳಿತನ. ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಸೇರಿಕೊಂಡು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಂದರೆ ನೀವು ಅಂಗಡಿಯಿಂದ ಸೂಪರ್ ಫಾಸ್ಫೇಟ್ ತಂದು ಹಾಕಿದರೂ ಅದು ಮಣ್ಣಿನಲ್ಲಿ ಇರುತ್ತದೆ, ಬೇರಿಗೆ ಸಿಗೋದಿಲ್ಲ. ಬ್ಯಾಂಕಿನಲ್ಲಿ ದುಡ್ಡಿದೆ, ಪಾಸ್‌ಬುಕ್ ಕಳೆದಿದೆ ಅನ್ನೋ ಕತೆ. ಇದಕ್ಕೆ ದಾರಿ ಎರಡು. ಒಂದು ಸುಣ್ಣ, ಇನ್ನೊಂದು ಕೊಳೆತ ಸೊಪ್ಪು–ಸಗಣಿ.

ಕರಾವಳಿಯಲ್ಲಿ ಸುಣ್ಣಕ್ಕೆ ಕೊರತೆ ಇಲ್ಲ. ಬಳಚಿನ ಚಿಪ್ಪು ಸುಟ್ಟ ಸುಣ್ಣ ಇಲ್ಲಿಯದೇ. ಆದರೆ ಅಂದಾಜಿಗೆ ಸುರಿಯೋದು ಬೇಡ. ಮಣ್ಣು ಪರೀಕ್ಷೆ ಮಾಡಿಸದೆ ಇದ್ದರೆ ಚದರ ಮೀಟರಿಗೆ ನೂರರಿಂದ ಇನ್ನೂರು ಗ್ರಾಂ, ಅದೂ ಮೊದಲ ಒಂದೆರಡು ಮಳೆ ಬಿದ್ದು ಮಣ್ಣು ಹದವಾದಾಗ ಕಲಸಬೇಕು. ಸುಣ್ಣ ಹಾಕಿದ ದಿನವೇ ಸಗಣಿ ಗೊಬ್ಬರ, ಯೂರಿಯಾ ಹಾಕಬಾರದು. ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎರಡು ವಾರ ಬಿಟ್ಟು ಹಾಕಿ. ರಂಜಕಕ್ಕೆ ಶಿಲಾರಂಜಕ ಅಥವಾ ಎಲುಬಿನ ಪುಡಿ ಸಾಕು. ಬಯಲುಸೀಮೆಯ ಸುಣ್ಣದ ಮಣ್ಣಿನಲ್ಲಿ ಶಿಲಾರಂಜಕ ಕರಗೋದಿಲ್ಲ, ನಮ್ಮ ಹುಳಿ ಮಣ್ಣಿನಲ್ಲಿ ನಿಧಾನಕ್ಕೆ ಕರಗುತ್ತದೆ. ಹುಳಿಯಿಂದ ಆಗೋ ಲಾಭ ಇದೊಂದೇ ಅನ್ನಿ. ಬಚ್ಚಲು ಒಲೆಯ ಬೂದಿಯೂ ಒಳ್ಳೇದು: ಪೊಟ್ಯಾಷ್ ಸಿಗುತ್ತದೆ, ಹುಳಿಯೂ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ಸುಟ್ಟ ಬೂದಿ ಮಾತ್ರ ಹಿತ್ಲಿಗೆ ಬೇಡವೇ ಬೇಡ.

ಕಲ್ಲು ತೀರಾ ಮೇಲಿದ್ದರೆ ಕೆಳಗೆ ಅಗೆಯುವ ಹಟ ಬಿಡಬೇಕು. ಚಿರೇಕಲ್ಲಿನಲ್ಲಿ ಗುಂಡಿ ತೆಗೆದು ಒಳ್ಳೆ ಮಣ್ಣು ತುಂಬಿದರೆ ಮಳೆಗಾಲದಲ್ಲಿ ಅದು ಬಾವಿಯಾಗುತ್ತದೆ; ಸುತ್ತಲಿನ ನೀರೆಲ್ಲ ಅದರೊಳಗೆ ಇಳಿದು ಬೇರು ಕೊಳೆಯುತ್ತದೆ. ಅದರ ಬದಲು ಒಡೆದ ಚಿರೇಕಲ್ಲನ್ನೇ ಸುತ್ತ ಜೋಡಿಸಿ ಮೊಣಕಾಲಿನ ಎತ್ತರಕ್ಕೆ ಏರುಮಡಿ ಕಟ್ಟಿ, ದರಕು, ಸಗಣಿ, ಮೇಲ್ಮಣ್ಣು ಪದರ ಪದರವಾಗಿ ತುಂಬಿದರೆ ನೀರು ಬಸಿದು ಹೋಗುತ್ತದೆ. ಹೊಸ ಮಡಿ ಮೊದಲ ಮಳೆಗಾಲದಲ್ಲಿ ಅರ್ಧಕ್ಕರ್ಧ ಕುಗ್ಗುತ್ತದೆ. ಹೆದರಬೇಕಿಲ್ಲ, ಮತ್ತೆ ತುಂಬಿದರಾಯ್ತು.

ಗುಡ್ಡದ ಬುಡದವರು ಇದನ್ನು ಓದಲೇಬೇಕು

ನೀರು ಇಂಗಿಸಿ ಅನ್ನೋ ಮಾತು ಎಲ್ಲ ಕಡೆ ಕೇಳುತ್ತದೆ, ಮಾತು ಒಳ್ಳೆಯದೇ. ಆದರೆ ಮನೆಯ ಹಿಂದೆ ಗುಡ್ಡ ನೆಟ್ಟಗೆ ಕೊರೆದಿದ್ದರೆ ಆ ಕೊರೆತದ ನೆತ್ತಿಯ ಮೇಲೆ ಇಂಗುಗುಂಡಿ, ಅಡ್ಡ ಕಂದಕ ತೋಡಬೇಡಿ. ಮೇಲೆ ಚಿರೇಕಲ್ಲು, ಅದರಡಿ ಮೆತ್ತಗಿನ ಜೇಡಿ ಇರುವ ಕಡೆ ಇಳಿದ ನೀರು ಜೇಡಿಯಲ್ಲಿ ನಿಂತು ಭಾರ ಹೆಚ್ಚಿಸುತ್ತದೆ, ಹಿಡಿತ ಸಡಿಲಿಸುತ್ತದೆ. 2009ರ ಅಕ್ಟೋಬರ್‌ನಲ್ಲಿ ಕಡವಾಡದ ಝರಿವಾಡದಲ್ಲಿ ಗುಡ್ಡ ಮನೆಗಳ ಮೇಲೆ ಬಂದದ್ದನ್ನು ಕಾರವಾರ ಮರೆತಿಲ್ಲ, ಆಮೇಲೆ ಶಿರೂರು. ಇವು ಹಿತ್ಲಿನ ಗುಂಡಿಯಿಂದ ಆದದ್ದಲ್ಲ, ಸುರಿದ ಮಳೆಯ ಲೆಕ್ಕವೇ ಬೇರೆ. ಆದರೂ ಕೊರೆದ ಗುಡ್ಡದ ಮೇಲಿನ ನೀರನ್ನು ಗಟಾರ ಮಾಡಿ ಬದಿಗೆ ಹರಿಸಬೇಕೇ ಹೊರತು ಅಲ್ಲೇ ಕುಡಿಸಬಾರದು. ಅಂಥ ಓರೆಯಲ್ಲಿ ಬಾಳೆ, ತೆಂಗಿಗಿಂತ ಲಾವಂಚದ ಸಾಲು ಒಳ್ಳೆಯದು. ಅದರ ಬೇರು ನೆಟ್ಟಗೆ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ, ಮೇಲೆ ಭಾರವೂ ಇಲ್ಲ. ಹಾಗಂತ ಲಾವಂಚ ನೆಟ್ಟು ನಿಶ್ಚಿಂತೆಯಾಗಿ ಮಲಗಬೇಡಿ: ಮೇಲ್ಪದರದ ಕೊಚ್ಚಣೆಯನ್ನು ಅದು ತಡೆಯುತ್ತದೆ, ಗುಡ್ಡವೇ ಜಾರಿದರೆ ತಡೆಯೋದಿಲ್ಲ. ಗೋಡೆಯಲ್ಲಿ ಹೊಸ ಬಿರುಕು, ಮರ ವಾಲಿದ್ದು, ಒರತೆಯ ನೀರು ಏಕಾಏಕಿ ಕೆಂಪಾದದ್ದು ಕಂಡರೆ ಹಿತ್ಲಿನ ವಿಚಾರ ಬಿಟ್ಟು ಮನೆ ಖಾಲಿ ಮಾಡಿ ಗ್ರಾಮ ಪಂಚಾಯತಕ್ಕೋ ತಹಸೀಲ್ದಾರ್ ಕಚೇರಿಗೋ ತಿಳಿಸಬೇಕು.

ಮರಳು ಮತ್ತು ಉಪ್ಪು

ಮರಳಿನ ಹಿತ್ಲಿನ ಕಷ್ಟ ತಿರುಗುಮುರುಗು. ಇಲ್ಲಿ ನೀರು ನಿಲ್ಲೋದಿಲ್ಲ, ಗೊಬ್ಬರವೂ ನಿಲ್ಲೋದಿಲ್ಲ. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇಲ್ಲ. ಇದಕ್ಕೆ ಹಳೆಯ ಮದ್ದು ತೆಂಗಿನ ಸಿಪ್ಪೆ. ಒಂದೂವರೆ ಅಡಿ ಆಳಕ್ಕೆ ಮರಳು ತೆಗೆದು ಸಿಪ್ಪೆಯ ಒಳಮೈ ಮೇಲೆ ಬರುವಂತೆ, ಅಂದರೆ ಬಟ್ಟಲು ಅಂಗಾತ ಇಟ್ಟ ಹಾಗೆ, ಎರಡು ಮೂರು ಪದರ ಜೋಡಿಸಿ ಮೇಲೆ ಮಣ್ಣು ಮುಚ್ಚುವುದು. ಸಿಪ್ಪೆ ಸ್ಪಂಜಿನಂತೆ ನೀರು ಹಿಡಿಯುತ್ತದೆ, ನಿಧಾನಕ್ಕೆ ಕೊಳೆಯುವುದರಿಂದ ಕೆಲವು ವರ್ಷ ಮತ್ತೆ ಮುಟ್ಟಬೇಕಿಲ್ಲ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಬುಡಕ್ಕೆ ಹೇಳುವ ಕ್ರಮವೂ ಇದೇ. ತೆಂಗಿನ ನಾರಿನ ಹುಡಿಯನ್ನು ಮಾತ್ರ ಹಸಿಯಾಗಿ ಹಾಕಬಾರದು, ಕೊಳೆಸಿ ಹಾಕಬೇಕು. ಹಸಿ ಹುಡಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ತಿಂದು ಗಿಡವನ್ನು ಉಪವಾಸ ಕೆಡವುತ್ತದೆ.

ದಡದ ಊರುಗಳಲ್ಲಿ ತಾರ್ಲೆ ಮೀನನ್ನು ಒಣಗಿಸಿ ತೆಂಗಿಗೆ ಹಾಕುವುದು ಗೊತ್ತಿರುವ ವಿಷಯ. ಹಿತ್ಲಿಗೂ ಆಗುತ್ತದೆ, ಆಳಕ್ಕೆ ಹುಗಿಯಬೇಕು ಅಷ್ಟೆ. ಇಲ್ಲದಿದ್ದರೆ ಓಣಿಯ ನಾಯಿಗಳು ರಾತ್ರಿಯೇ ಮಡಿ ಬಗೆದಿರುತ್ತವೆ. ಉಪ್ಪು ಹಾಕಿ ಒಣಗಿಸಿದ ಮೀನಿನ ಕಸವನ್ನು ತೊಳೆಯದೆ ಹಾಕಬೇಡಿ. ಮರಳಿನಲ್ಲಿ ಮೊದಲೇ ಗಾಳಿಯ ಉಪ್ಪು ಸಾಕಷ್ಟಿದೆ. ಗೆಣಸು, ಕಲ್ಲಂಗಡಿ, ಶೇಂಗಾ ಮರಳಿಗೆ ಒಗ್ಗುತ್ತವೆ, ಆದರೆ ಮೂರಕ್ಕೂ ಬಿಸಿಲು ಬೇಕು.

ಗಜನಿ ಭೂಮಿಯ ಅಂಚಿನ ಮನೆಗಳದ್ದು ಬೇರೆ ಲೆಕ್ಕ. ಮಾರ್ಚಿನಲ್ಲಿ ನೆಲದ ಮೇಲೆ ಬಿಳಿ ಪುಡಿ ಕೂತರೆ, ಏಪ್ರಿಲ್‌ನಲ್ಲಿ ಬಾವಿ ನೀರು ಸವಳಾದರೆ ಅಲ್ಲಿ ಬೇಸಿಗೆ ತರಕಾರಿಯ ಆಸೆ ಬಿಡಬೇಕು. ಆ ನೀರನ್ನೇ ಗಿಡಕ್ಕೆ ಹಾಕಿದರೆ ಪ್ರತಿ ದಿನ ಒಂದು ಚಿಟಿಕೆ ಉಪ್ಪು ಹಾಕಿದ ಹಾಗೆ. ಉಪ್ಪು ಹೋಗೋದು ಮಳೆಯಿಂದ ಮಾತ್ರ: ಎತ್ತರದ ಮಡಿ ಮಾಡಿ, ಜೂನ್‌ನ ಮಳೆ ಪೂರ್ತಿ ತೊಳೆಯಲು ಬಿಟ್ಟು, ಜುಲೈ ನಡುವೆ ನಾಟಿ ಮಾಡಬೇಕು. ಕುಮಟಾ ಕಡೆಯ ಗಜನಿಗಳಲ್ಲಿ ಕಗ್ಗ ಭತ್ತ ನಡೆಯುವುದೂ ಮಳೆ ಉಪ್ಪು ತೊಳೆಯುವ ಈ ಲೆಕ್ಕದ ಮೇಲೆಯೇ. ಜಿಪ್ಸಂ ಸುರಿದರೆ ಉಪ್ಪು ಹೋಗುತ್ತದೆ ಅನ್ನೋ ಮಾತನ್ನು ನಂಬಬೇಡಿ. ಜಿಪ್ಸಂ ಬೇಕಿರೋದು ಕ್ಷಾರದ ಮಣ್ಣಿಗೆ, ಬರೀ ಉಪ್ಪಿನ ಮಣ್ಣಿಗಲ್ಲ. ಅಂಥ ಜಾಗದಲ್ಲಿ ಚಿಕ್ಕು, ತೆಂಗು, ಪಾಲಕ್, ಗೋಳಿಸೊಪ್ಪು ಸ್ವಲ್ಪ ತಾಳಿಕೊಳ್ಳುತ್ತವೆ. ಬೀನ್ಸ್ ಜಾತಿಯವು ಉಪ್ಪಿಗೆ ತೀರಾ ನಾಜೂಕು.

ನೆರಳನ್ನು ಅಳೆಯೋದು ಹೇಗೆ?

"ನಮ್ಮ ಹಿತ್ಲಲ್ಲಿ ಬಿಸಿಲು ಬರ್ತದೆ" ಅಂತ ಎಲ್ಲರೂ ಹೇಳ್ತಾರೆ. ಎಷ್ಟು ತಾಸು ಅಂತ ಕೇಳಿದರೆ ಉತ್ತರ ಇರೋದಿಲ್ಲ. ಬದನೆ, ಬೆಂಡೆ, ಟೊಮೆಟೊ, ಮೆಣಸಿಗೆ ದಿನಕ್ಕೆ ಕಡಿಮೆ ಅಂದರೂ ಆರು ತಾಸು ನೇರ ಬಿಸಿಲು ಬೇಕು. ಹರಿವೆ, ಬಸಳೆಯಂಥ ಸೊಪ್ಪಿಗೆ ಮೂರ್ನಾಲ್ಕು ತಾಸಿದ್ದರೂ ನಡೆದೀತು. ಗಿಡ ಕಾಯಿ ಕಟ್ಟುವುದು ಎಲೆ ತಯಾರಿಸಿದ ಸಕ್ಕರೆ ಉಳಿದರೆ ಮಾತ್ರ. ನೆರಳಿನಲ್ಲಿ ತನ್ನ ಹೊಟ್ಟೆಗೇ ಸಾಲದ ಗಿಡ ಬೆಳಕು ಹುಡುಕಿ ಉದ್ದವಾಗುತ್ತದೆ, ಕಾಯಿಗೆ ಏನೂ ಉಳಿಯೋದಿಲ್ಲ. ಅದಕ್ಕೆ ಗೊಬ್ಬರ ಹೆಚ್ಚು ಹಾಕಿದರೆ ಇನ್ನೂ ಉದ್ದ, ಇನ್ನೂ ಮೆತ್ತಗೆ, ಹುಳಕ್ಕೆ ಇನ್ನೂ ಸುಲಭ.

ಅಳೆಯೋದು ಕಷ್ಟವಲ್ಲ. ಮೋಡ ಇಲ್ಲದ ದಿನ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 3 ಗಂಟೆಗೆ ನೆರಳಿನ ಅಂಚಿಗೆ ಬೂದಿಯ ಗೆರೆ ಎಳೆಯಿರಿ. ಇಲ್ಲೊಂದು ಗಮ್ಮತ್ತಿದೆ. ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ 38 ಡಿಗ್ರಿ ವಾಲಿರುತ್ತಾನೆ. ಆಗ ಆರು ಅಡಿಯ ಪಾಗಾರದ ನೆರಳು ಉತ್ತರಕ್ಕೆ ಐದು ಅಡಿ ಹತ್ತಿರ ಬೀಳುತ್ತದೆ. ಜೂನ್‌ನಲ್ಲಿ ಸೂರ್ಯ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೇ ಹೋಗಿರುತ್ತಾನೆ. ಅದೇ ಪಾಗಾರದ ನೆರಳು ದಕ್ಷಿಣಕ್ಕೆ ಒಂದು ಅಡಿಯೂ ಇಲ್ಲ. ಹಾಗಾಗಿ ಮನೆಯ ಉತ್ತರ ಬದಿ ಚಳಿಗಾಲದಲ್ಲಿ ಉಪಯೋಗಕ್ಕೆ ಬಾರದಿದ್ದರೂ ಮಳೆಗಾಲದ ಬೆಳೆಗೆ ಆಗುತ್ತದೆ. ದಕ್ಷಿಣ ಬದಿಯನ್ನು ನವೆಂಬರ್ ನಂತರದ ಬದನೆ, ಮೂಲಂಗಿಗೆ ಇಟ್ಟುಕೊಳ್ಳಬಹುದು. ಬೈತಖೋಲ, ಬಿಣಗಾದಂಥ ಗುಡ್ಡಕ್ಕೆ ಆತುಕೊಂಡ ಊರುಗಳಲ್ಲಿ ಗುಡ್ಡದ ನೆರಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಾಗಾರಕ್ಕೆ ಬಿಳಿ ಸುಣ್ಣ ಬಳಿದರೆ ಸ್ವಲ್ಪ ಬೆಳಕು ಗಿಡಕ್ಕೆ ತಿರುಗಿ ಬರುತ್ತದೆ, ಖರ್ಚು ಕಡಿಮೆ.

ಎಲ್ಲ ಮರದ ನೆರಳೂ ಒಂದೇ ಅಲ್ಲ. ತೆಂಗಿನದು ಜರಡಿಯ ನೆರಳು, ಅದೂ ವಯಸ್ಸಿನ ಮೇಲೆ ಬದಲಾಗುತ್ತದೆ. ನೆಟ್ಟ ಮೊದಲ ಏಳೆಂಟು ವರ್ಷ ನೆಲಕ್ಕೆ ಬೆಳಕು ಧಾರಾಳ. ಆಮೇಲೆ ಸುಮಾರು ಇಪ್ಪತ್ತೈದು ವರ್ಷದವರೆಗೆ ಗರಿಗಳು ತಲೆಯ ಮಟ್ಟದಲ್ಲೇ ಹರಡಿ ನೆರಳು ದಟ್ಟ. ಅದರ ನಂತರ ಮರ ಎತ್ತರವಾಗಿ ಮತ್ತೆ ಬೆಳಕು ಇಳಿಯುತ್ತದೆ. ತೆಂಗಿನ ಬೇರು ಹೆಚ್ಚಾಗಿ ಬುಡದ ಸುತ್ತ ಎರಡು ಮೀಟರ್ ಒಳಗೇ ಇರುತ್ತದೆ. ಇಪ್ಪತ್ತೈದು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ನೆಲದ ಬಹುಪಾಲು ಖಾಲಿಯೇ. ಅಲ್ಲಿ ಬೇರೆ ಬೆಳೆಗೆ ಜಾಗ ಇದೆ. ಬೆಳಕು ಬೇಕೆಂದು ಹಸಿ ಮಡ್ಲು ಕಡಿಸಬೇಡಿ, ಕಾಯಿ ಕಡಿಮೆಯಾಗುತ್ತದೆ.

ಮಾವು, ಹಲಸಿನದು ಕೊಡೆಯ ನೆರಳು. ಅಂಕೋಲಾದವರಿಗೆ ಇಲ್ಲಿ ನಿಜವಾದ ಧರ್ಮಸಂಕಟ. 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಕರಿ ಇಶಾಡ ಮಾವಿನ ಹಳೇ ಮರ ಹಿತ್ಲಲ್ಲಿದ್ದರೆ ಅದರಡಿ ಬದನೆ ಬೆಳೆಯಬೇಕೆಂದು ಮರ ತೆಗೆಯುವುದಕ್ಕಿಂತ ದಡ್ಡತನ ಇಲ್ಲ. ಕೆಳಗಿನ ಕೊಂಬೆ ಎರಡು ಮೂರು ಸವರಿ ಬೆಳಕು ಎತ್ತರದಿಂದ ಒಳಗೆ ಬರುವಂತೆ ಮಾಡಬಹುದು. ಸವರಿದ ಜಾಗಕ್ಕೆ ಬೋರ್ಡೋ ಮುಲಾಮು ಹಚ್ಚದಿದ್ದರೆ ಮಳೆಯಲ್ಲಿ ಶಿಲೀಂಧ್ರ ಹತ್ತುತ್ತದೆ. ಇಡೀ ಮರ ತೆಗೆಯುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಜಾಗದ ಮರಕ್ಕೂ ಅನ್ವಯಿಸುತ್ತದೆ.

ನೆರಳೇ ಬೇಕೆನ್ನುವ ಗಿಡಗಳು

ನಮ್ಮ ಹಿರಿಯರ ಹಿತ್ಲಲ್ಲಿ ಹೂಕೋಸು ಇರಲಿಲ್ಲ, ಕೆಸು ಇತ್ತು. ಅರಿಶಿಣ, ಶುಂಠಿ, ಮಾವಿನಶುಂಠಿ, ಸುವರ್ಣಗಡ್ಡೆ, ಕೂವೆಗಡ್ಡೆ, ಒಂದೆಲಗ, ದೊಡ್ಡಪತ್ರೆ, ವೀಳ್ಯದೆಲೆ, ಕಾಳುಮೆಣಸು ಇವೆಲ್ಲ ಅರೆ ನೆರಳಿನಲ್ಲಿ ನೆಮ್ಮದಿಯಾಗಿ ಬೆಳೆಯುವಂಥವು. ಇವುಗಳಲ್ಲಿ ಹಲವು ಕಾಡಿನ ಮರದಡಿಯ ಗಿಡಗಳ ಸಂತಾನ. ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಇದೇ ಮಾವು, ಹಲಸಿನ ಕಾಂಡ ಸಾಕು. ಮುರುಗಲು ಗಿಡ ಚಿಕ್ಕದಿದ್ದಾಗ ನೆರಳನ್ನು ಇಷ್ಟಪಡುತ್ತದೆ. ಹೂವಿನಲ್ಲಿ ಅಬ್ಬಲಿಗೆ ಅರೆ ನೆರಳಿಗೆ ಹೇಳಿ ಮಾಡಿಸಿದ್ದು. ಮಲ್ಲಿಗೆ ಹಾಗಲ್ಲ, ಅದಕ್ಕೆ ಬಿಸಿಲೇ ಬೇಕು.

ಶ್ರಾವಣದ ಪತ್ರೊಡೆಗೆ ಕೆಸು ಪೇಟೆಯಿಂದ ತರುವ ಮನೆಯಲ್ಲೇ ಬಚ್ಚಲು ನೀರು ಹೋಗುವ ನೆರಳಿನ ಮೂಲೆ ಖಾಲಿ ಬಿದ್ದಿರುತ್ತದೆ. ಸಾಬೂನಿನ ನೀರು ನೇರ ಬಿಡದೆ ಮರಳು–ಇದ್ದಿಲಿನ ಗುಂಡಿ ದಾಟಿಸಿ ಬಿಟ್ಟರೆ ಆ ಮೂಲೆ ಕೆಸುವಿಗೆ ಸರಿಯಾದ ಜಾಗ. ಮಳೆ ಜೋರಾದಾಗ ಎಲೆಯ ಮೇಲೆ ನೀರಿನಲ್ಲಿ ನೆನೆದಂಥ ಕಂದು ಮಚ್ಚೆ ಬಂದು ಹರಡಿದರೆ ಅದು ಎಲೆ ಕೊಳೆರೋಗ. ಹತ್ತಿದ ಎಲೆ ಕಿತ್ತು ದೂರ ಹಾಕಿ, ಗಿಡಗಳ ನಡುವೆ ಅಂತರ ಬಿಡಿ. ಶುಂಠಿಗೆ ನೆರಳಿನ ಭಯ ಇಲ್ಲ, ನಿಂತ ನೀರಿನ ಭಯ ಇದೆ. ಒಂದು ವಾರ ಬುಡದಲ್ಲಿ ನೀರು ನಿಂತರೆ ಗಡ್ಡೆ ಕೊಳೆತು ನಾರುತ್ತದೆ. ಎತ್ತರದ ಮಡಿ ಮಾಡಿ, ಪ್ರತಿ ವರ್ಷ ಜಾಗ ಬದಲಿಸಿ.

ದೊಡ್ಡ ಮರದಡಿ ನೆರಳಿನಷ್ಟೇ ದೊಡ್ಡ ತೊಂದರೆ ಬೇರಿನದ್ದು. ಮಡಿಗೆ ಹಾಕಿದ ನೀರು, ಗೊಬ್ಬರವನ್ನು ಮಾವಿನ ಬೇರು ಮೊದಲು ಕುಡಿಯುತ್ತದೆ. ಅಲ್ಲಿ ಚೀಲ, ಹಳೇ ಡ್ರಮ್ಮು, ಕುಂಡವೇ ವಾಸಿ. ಅಡಿಗೆ ಎರಡು ಚಿರೇಕಲ್ಲು ಕೊಡಿ, ಇಲ್ಲದಿದ್ದರೆ ತೂತಿನ ಮೂಲಕ ಮರದ ಬೇರು ಚೀಲದೊಳಗೇ ಬರುತ್ತದೆ. ಮರದ ಬುಡಕ್ಕೆ ಮಣ್ಣು ಏರಿಸಿ ಮಡಿ ಮಾಡುವುದಂತೂ ಬೇಡ, ಕಾಂಡ ಕೊಳೆಯುತ್ತದೆ.

ಮಂಗ, ಕಾಡುಹಂದಿಯ ಕಾಟ ಇರುವ ಊರುಗಳಲ್ಲಿ ಇನ್ನೊಂದು ಲೆಕ್ಕವೂ ಇದೆ. ಅರಿಶಿಣ, ಶುಂಠಿಯನ್ನು ಮಂಗ ಸಾಮಾನ್ಯವಾಗಿ ಮುಟ್ಟೋದಿಲ್ಲ. ಕೆಸು, ಗೆಣಸಿನ ಗಡ್ಡೆಯನ್ನು ಹಂದಿ ಬಿಡೋದಿಲ್ಲ.

ಹಾಲಕ್ಕಿಗಳ ಬುಟ್ಟಿ, ತುಳಸಿ ಗೌಡರ ನರ್ಸರಿ

ಅಂಕೋಲಾ ಪೇಟೆಯಲ್ಲಿ ಬುಟ್ಟಿ ಇಟ್ಟು ಹರಿವೆ, ಮೂಲಂಗಿ, ಬದನೆ, ಮೊಗೆಕಾಯಿ ಮಾರುವ ಹಾಲಕ್ಕಿ ಮಹಿಳೆಯರನ್ನು ನೋಡಿ. ಅವರ ತರಕಾರಿ ಮರದಡಿಯದ್ದಲ್ಲ. ಭತ್ತ ಕೊಯ್ದ ಮೇಲೆ ಖಾಲಿಯಾದ ಗದ್ದೆಯಲ್ಲಿ, ಚಳಿಗಾಲದ ಬಿಸಿಲಿನಲ್ಲಿ, ಇಬ್ಬನಿಯ ತೇವದಲ್ಲಿ ಬೆಳೆದದ್ದು. ಕಾಯಿಪಲ್ಯೆಗೆ ನವೆಂಬರ್‌ನಿಂದ ಮಾರ್ಚ್, ಗಡ್ಡೆ ಮತ್ತು ಸೊಪ್ಪಿಗೆ ಮಳೆಗಾಲ ಎಂಬ ಹಂಚಿಕೆ ಈ ಕರಾವಳಿಯಲ್ಲಿ ಹಳೆಯದು. ಜುಲೈನಲ್ಲಿ ಬಯಲಿನಲ್ಲಿ ನೆಟ್ಟರೂ ಟೊಮೆಟೊ ಸೋಲುತ್ತದೆ, ಯಾಕೆಂದರೆ ಆಗ ಮೋಡವೇ ಒಂದು ದೊಡ್ಡ ಮರ.

ಸಸಿ ನೆರಳಿನಲ್ಲಿ ಹುಟ್ಟಿ ಬಿಸಿಲಿಗೆ ಹೇಗೆ ಹೋಗಬೇಕು ಅನ್ನೋದು ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಮಾಡಿದ ಕೆಲಸ. ಪದ್ಮಶ್ರೀ ಪಡೆದ ಅವರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ನರ್ಸರಿಯ ಕ್ರಮ ಮನೆಗೂ ಅದೇ: ಅಂಗಡಿಯ ಹಸಿರು ಪರದೆಯಡಿ ಬೆಳೆದ ಸಸಿಯನ್ನು ತಂದ ದಿನವೇ ಬಿಸಿಲಿಗೆ ನೆಡಬಾರದು. ಒಂದು ವಾರ ಬೆಳಗಿನ ಬಿಸಿಲು ಮಾತ್ರ ತೋರಿಸಿ, ನಿಧಾನಕ್ಕೆ ಹೆಚ್ಚಿಸಿ, ಆಮೇಲೆ ನೆಡಬೇಕು.

ಮಣ್ಣು ಪರೀಕ್ಷೆಗೆ ಕೊಡುವವರಿಗೆ

ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಶಿರಸಿಯಲ್ಲಿದೆ. ಅಷ್ಟು ದೂರ ಹೋಗಲಾಗದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ಮಾದರಿ ಎಲ್ಲಿ ಕೊಡಬೇಕೆಂದು ಕೇಳಬಹುದು. ಸುಣ್ಣ, ಗೊಬ್ಬರ ಹಾಕುವ ಮೊದಲು ಮಾದರಿ ತೆಗೆಯಬೇಕು. ಮೇಲಿನ ಕಸ ಸರಿಸಿ, ಗೇಣು ಆಳದವರೆಗೆ ಹಿತ್ಲಿನ ಐದಾರು ಕಡೆ ಮಣ್ಣು ತೆಗೆದು ಬಕೆಟ್ಟಿನಲ್ಲಿ ಕಲಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕಟ್ಟಿದರೆ ಸಾಕು. ಗೊಬ್ಬರ ಗುಂಡಿಯ ಪಕ್ಕ, ಮರದ ಬುಡ, ಗೋಡೆಯ ಸಿಮೆಂಟು ಉದುರಿದ ಜಾಗದಿಂದ ತೆಗೆಯಬೇಡಿ. ಮರಳಿನ ಭಾಗ, ಕೆಂಪು ಮಣ್ಣಿನ ಭಾಗ ಎರಡೂ ಇದ್ದರೆ ಎರಡು ಪೊಟ್ಟಣ. ಏಪ್ರಿಲ್‌ನಲ್ಲಿ ಕೊಟ್ಟರೆ ಮೇ ಕೊನೆಯ ಅಡ್ಡಮಳೆಗೆ ಅರಿಶಿಣ, ಶುಂಠಿ ಹುಗಿಯುವ ಹೊತ್ತಿಗೆ ವರದಿ ಕೈಗೆ ಬರುವ ಸಾಧ್ಯತೆ ಹೆಚ್ಚು. ಜೂನ್‌ನಲ್ಲಿ ಒದ್ದೆ ಮಣ್ಣು ಹಿಡಿದು ಹೋದರೆ ಒಣಗಿಸಿ ತನ್ನಿ ಅಂತ ವಾಪಸ್ ಕಳಿಸ್ತಾರೆ.